ಗೇಜಮ್ಮ ಬಿಟ್ಟ ಸಂದು

ನನ್ನ ಸೋದರತ್ತೆ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಒಂದೇ ಕೆಲಸ ಮಾಡಿದವಳು. ಲೇತಿನಿಂದ ಇಳಿದು ಬಂದ ಬಿಡಿಭಾಗಗಳನ್ನು ಅಳೆಯುವುದು, ಸರಿಯಿದ್ದರೆ ಹಸಿರು ಚುಕ್ಕೆ ಇಡುವುದು, ಇಲ್ಲದಿದ್ದರೆ ಮುಲಾಜಿಲ್ಲದೆ ಕೆಂಪು ಬುಟ್ಟಿಗೆ ಎಸೆಯುವುದು. ಅಳೆಯುವ ಗೇಜನ್ನು ಕೈಬಿಡದ ಅವಳಿಗೆ ಜೊತೆಯವರು ಇಟ್ಟ ಹೆಸರು ಗೇಜಮ್ಮ. ಒಮ್ಮೆ ಮೇಲಧಿಕಾರಿ, “ಹೋಗ್ಲಿ ಬಿಡಮ್ಮ, ಕೂದಲೆಳೆಯಷ್ಟು ತಾನೇ ವ್ಯತ್ಯಾಸ” ಎಂದರಂತೆ. “ಯಾರ ಕೂದಲು ಸಾರ್? ನಿಮ್ದಂತೂ ಅಳೆಯೋಕೆ ಉಳಿದಿಲ್ಲ” ಎಂದಳಂತೆ ಇವಳು.

ನಿವೃತ್ತಿಯಾದ ಮೇಲೆ ಆ ಕಣ್ಣು ಮನೆಯ ಮೇಲೆ ಬಿತ್ತು. ಗಡಿಯಾರ ಓರೆ, ಚಿಲಕ ಸಡಿಲ, ಮಾವ ಕತ್ತರಿಸಿದ ಬ್ರೆಡ್ಡು ಒಂದರಂತೆ ಒಂದಿಲ್ಲ. ಸರೋವರದ ಆಚೆ ದಡಕ್ಕೆ ಜನರನ್ನೂ ಸಾಮಾನನ್ನೂ ದೋಣಿಯಲ್ಲಿ ದಾಟಿಸುವ ಮಾವ ಸ್ವಭಾವದಲ್ಲಿ ಅವಳಿಗೆ ತದ್ವಿರುದ್ಧ. ಅವರ ಬಾಯಲ್ಲಿ ಎಲ್ಲವೂ ‘ಸುಮಾರಾಗಿ ಸರಿ’. ದೋಣಿಯ ಹಿಂಬದಿಗೆ ಕಚ್ಚಿಕೊಂಡಿದ್ದ ಮೋಟಾರು ನನಗಿಂತ ಹಿರಿಯದು. ಅದನ್ನು ತಯಾರಿಸಿದ ಕಂಪನಿಯೇ ಮುಚ್ಚಿಹೋಗಿತ್ತು. ಅದು ಏದುಸಿರು ಬಿಡತೊಡಗಿದಾಗ ಮಾವ ಎಲ್ಲಿಂದಲೋ ಹೊಸ ಪಿಸ್ಟನ್ ರಿಂಗುಗಳನ್ನು ಹುಡುಕಿ ತಂದರು. ಅತ್ತೆ ಎರಡು ದಿನ ತಂಗಿಯ ಮನೆಗೆ ಹೋದದ್ದೇ ತಡ, ತಾವೇ ಹಾಕಿ ಮುಗಿಸಿದರು.

ಮರುವಾರ ಶಾಲೆಯ ಮುಖ್ಯೋಪಾಧ್ಯಾಯಿನಿ ಮನೆ ಬದಲಿಸುತ್ತಿದ್ದರು. ಅವರ ಮರದ ಬೀರು, ಅವರು, ಮಾವ, ನಾನು ದೋಣಿಯಲ್ಲಿದ್ದೆವು. ನಡುನೀರಿಗೆ ಬರುತ್ತಿದ್ದಂತೆ ಮೋಟಾರು ಕಿರ್ರೆಂದು ಚೀರಿ ನಿಂತೇಬಿಟ್ಟಿತು. ಅದನ್ನು ಚಾಲೂ ಮಾಡುವ ಹಗ್ಗ ಎಳೆದರೆ ಅಲ್ಲಾಡಲಿಲ್ಲ. ದೋಣಿಯಲ್ಲಿದ್ದದ್ದು ಒಂದೇ ಹುಟ್ಟು. ಕೊನೆಗೆ ಬೀರುವಿನ ಹಲಗೆ ಕಳಚಿ ನಾನೂ ಮುಖ್ಯೋಪಾಧ್ಯಾಯಿನಿಯೂ ನೀರು ತಳ್ಳಿದೆವು. “ಎಡಗಡೆಯವರು ಸರಿಯಾಗಿ ತಳ್ತಿಲ್ಲ” ಎಂದು ಅವರು ದಾರಿಯುದ್ದಕ್ಕೂ ನನ್ನನ್ನು ತಿದ್ದಿದರು. ಎಡಗಡೆ ಇದ್ದವಳು ನಾನೊಬ್ಬಳೇ.

ಸಂಜೆ ಅತ್ತೆ ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಮೋಟಾರು ಬಿಚ್ಚಿದಳು.

“ರಿಂಗ್ ಹಾಕೋ ಮುಂಚೆ ತುದಿಗಳ ಸಂದು ನೋಡಿದ್ರಾ?”

“ನೋಡ್ದೆ.”

“ಎಷ್ಟಿತ್ತು?”

“ಇತ್ತು ಕಣೇ. ಎಷ್ಟು ಅಂತ ಅದನ್ನ ಹಿಡಿದು ಕೇಳೋಕಾಗುತ್ತಾ?”

ಅತ್ತೆ ಹಣೆ ಚಚ್ಚಿಕೊಂಡಳು. ಆಮೇಲೆ ನನಗೆ ತೋರಿಸಿದಳು. ಪಿಸ್ಟನ್ನಿನ ಸುತ್ತ ಕೂರುವ ಈ ರಿಂಗು ಪೂರ್ತಿ ಬಳೆಯಲ್ಲ, ಒಂದು ಕಡೆ ಒಡೆದಿರುತ್ತದೆ. ಬಿಸಿಗೆ ಹಿಗ್ಗಿದಾಗ ಎರಡು ತುದಿಗಳಿಗೂ ಜಾಗ ಬೇಕು. ಇಲ್ಲದಿದ್ದರೆ ಒಂದಕ್ಕೊಂದು ಒತ್ತಿ, ಸಿಲಿಂಡರಿನ ಗೋಡೆಗೆ ಬಿಗಿದು, ಎಲ್ಲ ಕಚ್ಚಿಕೊಳ್ಳುತ್ತದೆ. ಹಾಗೆಂದು ಸಂದು ಹೆಚ್ಚಾದರೆ ಒತ್ತಡ ಸೋರಿ ಮೋಟಾರಿನ ಬಲ ಹೋಗುತ್ತದೆ. ಈ ಮೋಟಾರಿಗೆ ಹತ್ತು ಥೌ ಬೇಕೆಂದು ಲೆಕ್ಕ ಹಾಕಿದಳು. ಇಂಚನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಥೌ.

ಪುಣ್ಯಕ್ಕೆ ಸಿಲಿಂಡರಿನ ಗೋಡೆಗೆ ಆಗಿದ್ದ ಗೀರು ಆಳವಿರಲಿಲ್ಲ, ಉಜ್ಜಿದರೆ ಹೋಯಿತು. ಹೊಸ ರಿಂಗುಗಳು ಅಂಚೆಯಲ್ಲಿ ಬಂದವು. ಎರಡು ಸಿಲಿಂಡರಿಗೆ ನಾಲ್ಕು ರಿಂಗು. ಅತ್ತೆ ಒಂದನ್ನು ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನನ್ನು ತಲೆಕೆಳಗು ಮಾಡಿ ಮೆಲ್ಲನೆ ತಳ್ಳಿ ನೇರವಾಗಿ ಕೂರಿಸುವಳು. ಗೇಜಿನಲ್ಲಿ ಒಂದೊಂದು ದಪ್ಪಕ್ಕೂ ಅಂಕಿ ಕೆತ್ತಿದ ಒಂದೊಂದು ತೆಳು ಉಕ್ಕಿನ ಪಟ್ಟಿ; ಹತ್ತರ ಪಟ್ಟಿಯನ್ನು ಸಂದಿನಲ್ಲಿ ತೂರಿಸಿ ನೋಡುವಳು. ಬಿಗಿಯಿದ್ದರೆ ಹೊರತೆಗೆದು ನುಣ್ಣನೆಯ ಅರದಿಂದ ತುದಿಯನ್ನು ನಾಲ್ಕೇ ಸಲ, ಹೊರಗಿನಿಂದ ಒಳಕ್ಕೆ ಮಾತ್ರ, ಉಜ್ಜುವಳು. ಮತ್ತೆ ಕೂರಿಸುವಳು, ಮತ್ತೆ ಅಳೆಯುವಳು. ಎಷ್ಟೋ ತಿಂಗಳಾದ ಮೇಲೆ ಅವಳು ಕೆಲಸದ ನಡುವೆ ಗುನುಗುವುದು ಕೇಳಿಸಿತು.

ಮೊದಲ ದಿನ ಎರಡು ರಿಂಗು ಮುಗಿದವು. ಮರುದಿನ ಮೂರನೆಯದನ್ನು ಎಷ್ಟು ಉಜ್ಜಿದರೂ ಪಟ್ಟಿ ಒಳಗೆ ಹೋಗಲೊಲ್ಲದು. ಬಹಳ ಹೊತ್ತಿನ ಮೇಲೆ ಹೋಯಿತು. ಎಂದಿನಂತೆ ಎರಡನೇ ಸಲ ಅಳೆಯಲು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದವಳು ಹಾಗೇ ನಿಂತುಬಿಟ್ಟಳು. ಅದರ ಮೇಲೆ ಕೆತ್ತಿದ್ದು ಹತ್ತಲ್ಲ, ಹತ್ತೊಂಬತ್ತು. ಸವೆದ ಒಂಬತ್ತು ಅವಳ ಕಣ್ಣಿಗೆ ಸೊನ್ನೆಯಾಗಿತ್ತು.

ರಿಂಗು ಹಾಳಾಯಿತು. ಅತ್ತೆ ಕುರ್ಚಿಯಲ್ಲಿ ಕುಸಿದಳು.

“ಇಷ್ಟು ವರ್ಷ ಎಷ್ಟಕ್ಕೆ ಹೀಗೇ ಚುಕ್ಕೆ ಇಟ್ಟಿದ್ದೀನೋ ಏನೋ” ಎಂದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಮಾವ ಬಾಗಿಲಲ್ಲಿ ನಿಂತಿದ್ದರು. ಈಗ ಹಂಗಿಸುತ್ತಾರೆ, ಸಿಕ್ಕಿದ ಅವಕಾಶ ಬಿಡುವ ಆಸಾಮಿಯಲ್ಲ ಎಂದುಕೊಂಡೆ. ಅವರು ಬಂದು ಆ ರಿಂಗನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

“ಕಣ್ಣು ಮಂಜಾಗಿದ್ದು ಈಗ ಕಣೇ. ಆಗ ನೀನು ನನ್ನ ಷರಟಿನ ಗುಂಡಿ ಸಡಿಲ ಆಗಿದ್ದನ್ನ ರಸ್ತೆ ಆ ಕಡೆಯಿಂದ ಹೇಳ್ತಿದ್ದೆ” ಎಂದರು. “ಒಂದು ಕೆಲಸ ಮಾಡೋಣ. ನಂಬರ್ ನಾನು ಓದ್ತೀನಿ, ಬಿಗಿ ಸಡಿಲ ನಿನ್ನ ಬೆರಳು ನೋಡ್ಲಿ.”

“ನಿಮ್ಮನ್ನ ನಂಬ್ಕೊಂಡಾ?”

“ಬೇರೆ ದಾರಿ ಇದ್ರೆ ಹೇಳು.”

ಬದಲಿ ರಿಂಗು ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ಅತ್ತೆ ನನ್ನ ಜೊತೆ ಕಣ್ಣಿನ ಡಾಕ್ಟರ ಬಳಿ ಬಂದಳು. ಕನ್ನಡಕ ಇನ್ನೂ ಸಿದ್ಧವಾಗಿರಲಿಲ್ಲ. ಹಾಗಾಗಿ ಮಾವ ಮೇಜಿನ ಆ ಬದಿಗೆ ಕುಳಿತು, ಹಾಜರಿ ಕೂಗುವವರಂತೆ “ಹತ್ತು!” ಎಂದು ಓದಿ ಪಟ್ಟಿ ಕೊಡುವುದು, ಅತ್ತೆ ಕಣ್ಣು ಮುಚ್ಚಿ ತೂರಿಸಿ ನೋಡುವುದು.

“ಸುಮಾರಾಗಿ ಹತ್ತಾ?” ಎಂದು ಅವಳು ಕೆಣಕಿದಳು.

“ಹತ್ತು ಅಂದ್ರೆ ಹತ್ತೇ ಕಣೇ!” ಮಾವನಿಗೆ ನಿಜಕ್ಕೂ ಸಿಟ್ಟು ಬಂತು. ಅತ್ತೆ ಅರ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮೋಟಾರು ಮೂರನೇ ಎಳೆತಕ್ಕೆ ಕೆಮ್ಮಿ, ನೀಲಿ ಹೊಗೆ ಉಗುಳಿ, ಶುರುವಾಯಿತು. ಹೊಸ ರಿಂಗು ಒಗ್ಗುವವರೆಗೆ ಜೋರಾಗಿ ಓಡಿಸಕೂಡದೆಂದು ಅತ್ತೆಯ ಕಟ್ಟಪ್ಪಣೆ. ಮೂವರೂ ಸರೋವರ ಸುತ್ತಿದೆವು. ಬಾತುಕೋಳಿಗಳು ನಮ್ಮನ್ನು ಹಿಂದೆ ಹಾಕಿ ಹೋದವು.

ಸುದ್ದಿ ದಡದ ಉದ್ದಕ್ಕೂ ಹಬ್ಬಿತು. ಈಗ ದೋಣಿಕಟ್ಟೆಯ ಶೆಡ್ಡಿನಲ್ಲಿ ಅತ್ತೆಗೊಂದು ಮೇಜಿದೆ. ಮೂಗಿನ ಮೇಲೆ ದಪ್ಪ ಕನ್ನಡಕವಿದೆ. ಮೊನ್ನೆ ಹೋದಾಗ ಒಬ್ಬ ಮೀನುಗಾರ್ತಿ ತನ್ನ ಮೋಟಾರಿನ ರಿಂಗನ್ನು ತಾನೇ ಉಜ್ಜುತ್ತಿದ್ದಳು. ಅತ್ತೆ ಕೈಕಟ್ಟಿ ಪಕ್ಕದಲ್ಲಿ ನಿಂತು, ತುಟಿ ಕಚ್ಚಿಕೊಂಡು ನೋಡುತ್ತಿದ್ದಳು.

“ಅಳೆಯೋದು ಸುಲಭ ಕಣೇ,” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು, “ಬಾಯಿ ಮುಚ್ಕೊಂಡು ನಿಲ್ಲೋದಿದೆಯಲ್ಲ, ಪ್ರಾಣ ಹೋಗುತ್ತೆ.”