ಮಲ್ಕಾಜ್‌ಗಿರಿಗೆ ಒಂದು ಪ್ರಶ್ನೆ ಹೊತ್ತು

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಗಾಡಿ ಹತ್ತಿದ ಚಿಕ್ಕಿ ಮೊದಲು ಮಾಡಿದ ಕೆಲಸ, ಕಿಟಕಿಯ ಪಕ್ಕ ತೂಕಡಿಸುತ್ತಿದ್ದ ಗೃಹಸ್ಥರೊಬ್ಬರನ್ನು ಎಬ್ಬಿಸಿದ್ದು. “ನಂಗೆ ಗಾಳಿ ಬೇಕು, ನಿಮ್ಗೆ ನಿದ್ದೆ ಬೇಕು. ಈಚೆ ಕೂತ್ರೂ ನಿದ್ದೆ ಬತ್ತದೆ,” ಎಂದಳು. ಅವರು ಪಾಪ ಎದ್ದು ಜಾಗ ಬಿಟ್ಟುಕೊಟ್ಟರು. ಅಂಕೋಲೆಯಿಂದ ಬಸ್ಸಿನಲ್ಲಿ ಘಟ್ಟ ಹತ್ತಿ ಬಂದಿದ್ದಳು. ಅರಬೈಲಿನ ತಿರುವುಗಳು ಅವಳ ಮೈಯನ್ನು ಹಣ್ಣು ಮಾಡಿದ್ದವು, ಬಾಯಿಯನ್ನಲ್ಲ.

ಚಿಕ್ಕಿ ಎಂದರೆ ನನ್ನ ತಾಯಿಯ ತಂಗಿ. ಅವಳ ಗಂಡ, ನನ್ನ ಚಿಕ್ಕಪ್ಪ, ಮುಂಬಯಿಯ ಒಂದು ಸರಕು ಹಡಗಿನಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ, ಹಿಂದೂ ಮಹಾಸಾಗರದ ನಡುವೆ, ಜರ್ಮನರ ಗುಂಡಿಗೆ ಸಿಕ್ಕಿ ತೀರಿಕೊಂಡರು. ಕಂಪನಿಯವರು ಎರಡು ಸಾಲಿನ ಕಾಗದ ಬರೆದು ಕೈತೊಳೆದುಕೊಂಡರು. ಯುದ್ಧ ಮುಗಿದ ಮೇಲೆ ಜರ್ಮನಿಯ ಸೆರೆಯಿಂದ ಬಿಡುಗಡೆಯಾಗಿ ಬಂದ, ಅದೇ ಹಡಗಿನಲ್ಲಿದ್ದ ಕಾರವಾರದ ಖಲಾಸಿಯೊಬ್ಬ, “ಹಡಗು ಆಗಲೇ ನಿಂತಿತ್ತು, ಶರಣಾಗಿತ್ತು, ಆಮೇಲೆ ಹೊಡೆದರು,” ಎಂದು ಹೇಳಿಹೋದ. ಅಂದಿನಿಂದ ಚಿಕ್ಕಿಯದು ಒಂದೇ ಪ್ರಶ್ನೆ: ನಿಂತ ಹಡಗಿಗೆ ಯಾಕೆ ಹೊಡೆದರು? ಪೋಸ್ಟ್‌ಮ್ಯಾನನನ್ನೂ ಕೇಳಿದಳು, ಭಟ್ಟರನ್ನೂ ಕೇಳಿದಳು, ಎಲ್ಲರಿಗಿಂತ ಹೆಚ್ಚಾಗಿ ನನ್ನನ್ನು ಕೇಳಿದಳು.

ನನ್ನನ್ನು ಕೇಳಲು ಕಾರಣವಿತ್ತು. ನಾನು ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸುವವನು. ಜರ್ಮನರ ನೌಕಾಯುದ್ಧ ನನಗೆ ಹುಚ್ಚು. ಮೊದಲ ಯುದ್ಧದಲ್ಲಿ ಮದರಾಸಿನ ಎಣ್ಣೆ ಟಾಕಿಗಳಿಗೆ ಬೆಂಕಿಯಿಟ್ಟ ಎಂಡನ್ ಹಡಗಿನ ಕಥೆಯನ್ನು ಎಷ್ಟು ರಸವತ್ತಾಗಿ ಹೇಳುತ್ತಿದ್ದೆನೆಂದರೆ ಹುಡುಗರು ನನಗೆ ‘ಎಂಡನ್ ಮಾಸ್ತರ’ ಎಂದೇ ಹೆಸರಿಟ್ಟಿದ್ದರು. ಒಮ್ಮೆ ಚಿಕ್ಕಿಯ ಪ್ರಶ್ನೆಗೆ, “ಜರ್ಮನ್ ಕಪ್ತಾನರು ಶರಣಾದವರ ಮೇಲೆ ಸುಮ್ಮನೆ ಗುಂಡು ಹಾರಿಸುವವರಲ್ಲ,” ಎಂದುಬಿಟ್ಟೆ. ತಿಂಗಳುಗಟ್ಟಲೆ ಅವಳು ನನ್ನೊಡನೆ ಮಾತು ಬಿಟ್ಟಿದ್ದಳು. ಬುದ್ಧಿಯಿದ್ದವನು ಆಡುವ ಮಾತಾಗಿರಲಿಲ್ಲ ಅದು.

ಎಪ್ಪತ್ತರ ದಶಕದ ನಡುವಿನ ಮಾತಿದು. ನಮ್ಮ ಶಾಲೆಯ ಗುಮಾಸ್ತರ ಬೀಗರೊಬ್ಬರು ಸಿಕಂದರಾಬಾದಿನ ರೈಲ್ವೆಯಲ್ಲಿ ತಾರು ಬಾಬು ಆಗಿದ್ದು ನಿವೃತ್ತರಾಗಿದ್ದರು. ಅದಕ್ಕೂ ಮುಂಚೆ ಹಡಗಿನಲ್ಲಿ ವೈರ್‌ಲೆಸ್ ಕೆಲಸ ಮಾಡಿದವರಂತೆ. ಯಾವ ಹಡಗು ಎಂದು ವಿಚಾರಿಸಿದರೆ, ಚಿಕ್ಕಪ್ಪನ ಹಡಗೇ. ಕಾಗದ ಬರೆದೆ. ಒಂದು ಕಾರ್ಡು ಬಂತು: “ಚಿಕ್ಕಮ್ಮನವರನ್ನು ಕರೆದುಕೊಂಡು ಬರಬೇಕು. ಎದುರಿಗೆ ಕೂತು ಹೇಳುವಂಥದ್ದು.” ಕೆಳಗೆ ಬಸವಣ್ಣೆಪ್ಪ ಎಂದು ಸಹಿ, ಮಲ್ಕಾಜ್‌ಗಿರಿಯ ವಿಳಾಸ.

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿದೆವು. ಮರದ ಸೀಟು, ಎಂಜಿನ್ನಿನ ಕರಿ ಹುಡಿ, ಪ್ರತಿ ಸ್ಟೇಷನ್ನಿನಲ್ಲೂ ಕಡಲೆಕಾಯಿ. ಕಟ್ಟಿಕೊಂಡು ಬಂದಿದ್ದ ಅವಲಕ್ಕಿ ಕರ್ನೂಲಿನ ಹೊತ್ತಿಗೆ ತೀರಿತು. ಮರುದಿನ ಬೆಳಿಗ್ಗೆ ಸಿಕಂದರಾಬಾದಿನಲ್ಲಿ ಇಳಿದಾಗ ಡಿಸೆಂಬರಿನ ಚಳಿ ಕಿವಿ ಕಚ್ಚುತ್ತಿತ್ತು. ಸ್ಟೇಷನ್ನಿನ ಎದುರಿನ ಇರಾನಿ ಹೋಟೆಲಿನಲ್ಲಿ ಚಹಾ ಕುಡಿದೆವು. ಚಿಕ್ಕಿ ಒಂದು ಗುಟುಕು ಕುಡಿದು, “ಚಾ ಅಲ್ಲ ಇದು, ಪಾಯಸ,” ಎಂದು ತೀರ್ಪು ಕೊಟ್ಟು, ಇನ್ನೊಂದು ಕಪ್ಪು ತರಿಸಿದಳು. ಬಸ್ಸಿನಲ್ಲಿ ಮಲ್ಕಾಜ್‌ಗಿರಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ದಾರಿಯುದ್ದಕ್ಕೂ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಆಗ ನನಗೂ ಹೆದರಿಕೆಯಾಯಿತು.

ಮನೆ ರೈಲ್ವೆ ಗೇಟಿನ ಹತ್ತಿರವೇ ಇತ್ತು. ಬಾಗಿಲಲ್ಲಿ ಬಸವಣ್ಣೆಪ್ಪನವರ ಹೆಂಡತಿ ನೀಲಮ್ಮ ಹಾಲಿನವನೊಡನೆ ತೆಲುಗಿನಲ್ಲಿ ಜಗಳವಾಡುತ್ತಿದ್ದವರು ನಮ್ಮನ್ನು ಕಂಡು ಥಟ್ಟನೆ ಕನ್ನಡಕ್ಕೆ ಹೊರಳಿದರು. “ಬರ್ರಿ ಅಕ್ಕಾರ, ಬರ್ರಿ. ಪ್ರಯಾಣ ಭಾಳ ತ್ರಾಸ ಆತೇನ್ರಿ?” ಒಳಗಿನಿಂದ ಬಸವಣ್ಣೆಪ್ಪ ಬಂದರು. ತೆಳ್ಳಗಿನ ಎತ್ತರದ ಮನುಷ್ಯ, ಗದಗಿನ ಕಡೆಯವರು, ಎಡಗಿವಿ ಕೇಳಿಸುತ್ತಿರಲಿಲ್ಲ. ಚಿಕ್ಕಿಗೆ ಕೈಮುಗಿದು, “ಕೂಡ್ರಿ ಅಕ್ಕಾರ, ನಾ...” ಎಂದವರು ಗೋಡೆಯ ಗಡಿಯಾರ ನೋಡಿ ಮಾತು ನಿಲ್ಲಿಸಿಬಿಟ್ಟರು. ಒಂದು ನಿಮಿಷವಾಯಿತು, ಎರಡಾಯಿತು. ತಲೆ ಬಗ್ಗಿಸಿ ಕೂತೇ ಇದ್ದರು. ಚಿಕ್ಕಿ ನನ್ನ ಮುಖ ನೋಡಿದಳು.

ನೀಲಮ್ಮ ಚಹಾದ ಕಪ್ಪುಗಳನ್ನಿಡುತ್ತ ಮೆಲ್ಲಗೆ ಹೇಳಿದರು: “ತಪ್ಪ ತಿಳೀಬ್ಯಾಡ್ರಿ. ತಾಸಿಗೆ ಎರಡ ಸಲ, ಮೂರ ಮೂರ ನಿಮಿಷ, ಇವ್ರು ಮಾತಾಡೂದಿಲ್ಲ. ಮದಿವ್ಯಾದಾಗಿಂದ ಹಿಂಗ. ಜಗಳಾ ಆಡೂಮುಂದೂ ನಡುವ ನಿಂದರಸತಾರ.” ಗಡಿಯಾರವನ್ನು ಆಗ ಗಮನಿಸಿದೆ. ಕಾಲು ಗಂಟೆ ಮತ್ತು ಮುಕ್ಕಾಲು ಗಂಟೆಯ ಗುರುತಿನಿಂದ ಮುಂದಕ್ಕೆ ಮೂರು ಮೂರು ನಿಮಿಷದ ಜಾಗಕ್ಕೆ ಕೆಂಪು ಬಣ್ಣ ಬಳಿದಿತ್ತು.

ಮುಳ್ಳು ಕೆಂಪು ದಾಟಿದ ಮೇಲೆ ಅವರು ತಲೆಯೆತ್ತಿದರು. “ಹಡಗದ ತಾರ ಖೋಲಿಯೊಳಗ ಇಂಥಾದ್ದ ಗಡಿಯಾರ ಇರತಿತ್ತರಿ. ಆ ಮೂರ ನಿಮಿಷ ಸಮುದ್ರದ ಮ್ಯಾಲಿನ ಎಲ್ಲಾ ಹಡಗದವ್ರೂ ತಾರ ಕಳಸೂದ ನಿಲ್ಲಿಸಿ ಬರೇ ಕೇಳಬೇಕು. ಯಾರರ ಮುಳಗಾಕತ್ತಿದ್ರ ಅವ್ರ ದನಿ ಗದ್ದಲದಾಗ ಮುಚ್ಚಿಹೋಗಬಾರದು ಅಂತ. ಅದ ರೂಢಿ ಉಳದೈತಿ.”

ಚಿಕ್ಕಿ ಚಹಾ ಮುಟ್ಟಲಿಲ್ಲ. “ನಿಂತ ಹಡಗಿಗೆ ಯಾಕೆ ಹೊಡೆದ್ರು?” ಎಂದು ನೇರವಾಗಿ ಕೇಳಿದಳು.

“ನನ್ನಿಂದ ಹೊಡದ್ರರಿ,” ಎಂದರು ಬಸವಣ್ಣೆಪ್ಪ. ನೀಲಮ್ಮ ಅಲ್ಲೇ ಬಾಗಿಲಿಗೆ ಒರಗಿ ನಿಂತುಬಿಟ್ಟರು. ಅವರೂ ಇದನ್ನು ಕೇಳುತ್ತಿದ್ದುದು ಮೊದಲ ಸಲವೆಂದು ಮುಖವೇ ಹೇಳುತ್ತಿತ್ತು.

ಅವರು ಹೇಳಿದ್ದು ಇಷ್ಟು. ಬೆಳಗಿನ ಹೊತ್ತು ಒಂದು ಹಡಗು ಹತ್ತಿರ ಬಂತು. ಯುದ್ಧಕ್ಕೆ ಸೇರದ ದೇಶದ ಬಾವುಟ ಹಾರಿಸಿತ್ತು. ಡೆಕ್ಕಿನ ಮೇಲೆ ಒಬ್ಬ ಹೆಂಗಸು ಅಡ್ಡಾಡುತ್ತಿದ್ದಳು. ಅವಳು ವೇಷ ಹಾಕಿದ ಗಂಡಸು. “ಹೌದು, ಅವರು ಸುಳ್ಳು ಚಿಮಣಿಗಳನ್ನೂ ಕೂರಿಸುತ್ತಿದ್ದರು, ಫಿರಂಗಿಗಳನ್ನು ತಗಡಿನ ಹಿಂದೆ...” ಎಂದು ನಾನು ಉತ್ಸಾಹದಿಂದ ಬಾಯಿ ಹಾಕಿದೆ. ಚಿಕ್ಕಿ ನನ್ನತ್ತ ತಿರುಗಿದಳು. ಬಾಯಿ ಮುಚ್ಚಿಕೊಂಡೆ.

ಬಾವುಟ ಇಳಿದು ಜರ್ಮನ್ ಬಾವುಟ ಏರಿತು, ಫಿರಂಗಿಗಳು ಹೊರಬಂದವು. ಒಂದು ಗುಂಡು ಮುಂದಿನ ನೀರಿಗೆ ಬಿತ್ತು. ನಿಲ್ಲಿ, ವೈರ್‌ಲೆಸ್ ಮುಟ್ಟಬೇಡಿ ಎಂದು ಸನ್ನೆ ಬಂತು. ಮುಟ್ಟದಿದ್ದರೆ ಜನರನ್ನು ಸೆರೆಹಿಡಿದು ಹಡಗು ಮುಳುಗಿಸುತ್ತಿದ್ದರು, ಜೀವ ಉಳಿಯುತ್ತಿತ್ತು. ಮುಟ್ಟಿದರೆ ಹೊಡೆಯುತ್ತಿದ್ದರು.

“ಆದ್ರ ನಮಗ ಸರಕಾರದ ಹುಕುಂ ಇತ್ತರಿ, ವೇಷದ ಹಡಗ ಕಂಡ್ರ ತಾರಿನಾಗ ಮೂರ ಸಲ ಕ್ಯೂ ಅಕ್ಷರಾ ಬಡದು ಜಾಗಾ ತಿಳಸಬೇಕಂತ. ಗಡಿಯಾರದಾಗ ಹದಿಮೂರ ನಿಮಿಷ ಆಗಿತ್ತು. ಎರಡ ನಿಮಿಷ ತಡದ್ರ ಕೆಂಪ ಬರತೈತಿ, ಎಲ್ಲಾರೂ ಕೇಳಾಕತ್ತಿರತಾರ. ತಡದ್ನಿ. ಆ ಎರಡ ನಿಮಿಷದಾಗ ಕಪ್ತಾನ ಶರಣಾದ್ನರಿ, ನನಗ ಗೊತ್ತಿರಲಿಲ್ಲ. ಕೆಂಪಿಗೆ ಮುಳ್ಳ ಬಂತು, ಬಡಿಯಾಕ ಶುರು ಮಾಡಿದ್ನಿ. ಅರ್ಧಾ ಆಗಿತ್ತು, ಬಾಗಿಲದಾಗ ನಿಮ್ಮ ಮನಿಯವ್ರು ಬಂದು ನಿಂತ್ರು. ಬಂದ್ ಮಾಡು, ಕಪ್ತಾನ ಹೇಳ್ಯಾನ ಅಂದ್ರು.”

ಅವರು ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದರು.

“ತಾರಿನವನು ಅರ್ಧಾ ಸುದ್ದಿ ಬಿಡಬಾರದರಿ. ಮೊದಲನೇ ದಿನಾ ಕಲಸೂ ಪಾಠ ಅದು. ನಾವು ಎಲ್ಲಿದೀವಿ ಅನ್ನೂದು ಇನ್ನ ಬಡೀಬೇಕಾಗಿತ್ತು. ಹಿಂಗ ಒಂದ ಬೆರಳ ಎತ್ತಿದ್ನಿ. ತಡೀರಿ ಅಂತ. ಅವ್ರು ತಡದ್ರು. ಮುಗೀತಾ ಅಂದ್ರು. ಮುಗೀತು ಅಂದ್ನಿ. ಅಷ್ಟರಾಗ ಗುಂಡ ಬಿತ್ತು. ನನ್ನ ಮುಂದ ಯಂತ್ರ ಇತ್ತು, ಅವ್ರ ಮುಂದ ಏನೂ ಇರಲಿಲ್ಲ.”

ನೀಲಮ್ಮ ಊಟಕ್ಕೆ ತಟ್ಟೆ ಇಟ್ಟರು. ಚಿಕ್ಕಿ ಹಸಿವಿಲ್ಲವೆಂದು ಎದ್ದು ಹೊರಗೆ ನಡೆದಳು. ಊರು ಗೊತ್ತಿಲ್ಲದ ಹೆಂಗಸು ಎಲ್ಲಿಗೆ ಹೋದಾಳೆಂದು ಬೆನ್ನು ಹತ್ತಿದೆ. ಮಲ್ಕಾಜ್‌ಗಿರಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಳು. ಎರಡು ಗೂಡ್ಸ್ ಗಾಡಿಗಳು ಹಾದುಹೋದವು. ನನಗೆ ಬಸವಣ್ಣೆಪ್ಪನವರ ಮೇಲೆ ಸಿಟ್ಟೂ ಬಂದಿತ್ತು, ಕನಿಕರವೂ ಬಂದಿತ್ತು. ಯಾವುದು ಹೆಚ್ಚೆಂದು ತಿಳಿಯುತ್ತಿರಲಿಲ್ಲ.

“ಅವ್ರು ಹಾಗೇ,” ಎಂದಳು ಚಿಕ್ಕಿ ಕೊನೆಗೆ. “ಯಾರ ಕೆಲಸಕ್ಕೂ ಅಡ್ಡ ಬರುವವ್ರಲ್ಲ. ನಾ ಬಲೆ ಹೆಣೀತಾ ಇದ್ರೆ ಊಟಕ್ಕೆ ಕೂಡಾ ಕರೀತಿರ್ಲಿಲ್ಲ. ಗಂಟು ಮುಗೀಲಿ ಅಂತ ಬಾಗಿಲಲ್ಲಿ ನಿಂತಿರ್ತಿದ್ರು.”

ಬಿಸಿಲು ಇಳಿಯುವ ಹೊತ್ತಿಗೆ ಹಿಂತಿರುಗಿದೆವು. ಮನೆಯಲ್ಲಿ ಯಾರೂ ಊಟ ಮಾಡಿರಲಿಲ್ಲ. ಚಿಕ್ಕಿ ಕೈಕಾಲು ತೊಳೆದು ಒಳಗೆ ಹೋಗಿ, “ನೀಲಮ್ಮಾ, ರೊಟ್ಟಿ ಉಂಟಾ?” ಎಂದಳು. ಆಮೇಲೆ ಬಸವಣ್ಣೆಪ್ಪನವರ ಕಡೆ ತಿರುಗಿ, “ನಂಗೆ ನಿಮ್ಮ ಮೇಲೆ ಸಿಟ್ಟು ಉಂಟು. ಇಲ್ಲ ಅಂತ ಸುಳ್ಳು ಹೇಳೂದಿಲ್ಲ. ಆದ್ರೆ ಇಷ್ಟು ವರ್ಷದಲ್ಲಿ ಉತ್ತರ ಕೊಟ್ಟವ್ರು ನೀವೊಬ್ರೇ. ಬನ್ನಿ, ಉಣ್ಣುವ,” ಎಂದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅಕ್ಕಿ ಉಂಡು ಬೆಳೆದ ಚಿಕ್ಕಿ ರೊಟ್ಟಿ ಮುರಿಯಲು ಪಟ್ಟ ಪಾಡು ನೋಡಿ ನೀಲಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಬಸವಣ್ಣೆಪ್ಪ ತಟ್ಟೆ ಮುಂದಿಟ್ಟುಕೊಂಡು ಬಹಳ ಹೊತ್ತು ಅತ್ತರು. ಯಾರೂ ತಡೆಯಲಿಲ್ಲ.

ಮರುದಿನ ಅವರೇ ನಮ್ಮನ್ನು ಹುಸೇನ್ ಸಾಗರಕ್ಕೆ ಕರೆದೊಯ್ದರು. ಡಬಲ್ ಡೆಕರ್ ಬಸ್ಸಿನ ಮೇಲಂತಸ್ತೇ ಬೇಕೆಂದು ಚಿಕ್ಕಿ ಹಟ ಹಿಡಿದಳು. ಟ್ಯಾಂಕ್ ಬಂಡಿನ ಮೇಲೆ ಒಳ್ಳೆಯ ಗಾಳಿಯಿತ್ತು. “ಸಾಗರ ಅಂತಾರೆ, ತೆರೆ ಇಲ್ಲ, ಉಪ್ಪಿಲ್ಲ,” ಎಂದು ಚಿಕ್ಕಿ ನೀರನ್ನು ಅಳೆದಳು. ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು: “ನೀವು ಬಡಿದದ್ದು ಯಾರಿಗಾದ್ರೂ ಮುಟ್ಟಿತಾ?”

“ಮುಟ್ಟಿತರಿ. ಒಂದ ಹಡಗ ಉತ್ತರಾ ಕೊಡ್ತು, ತಿಳೀತು ಅಂತ. ಹತ್ರನ ಇತ್ತು, ದನಿ ಜೋರಿತ್ತು. ನಮ್ಮ ಕಡೇನ ಬರಾಕತ್ತಿತ್ತೋ ಏನೋ. ಹೆಸರ ಬರಕೋಬೇಕಂತ ಪೆನ್ಸಿಲ್ ಹಿಡದಿದ್ನಿ. ಅಷ್ಟರಾಗ ಗುಂಡ ಬಿತ್ತು, ಬರಿಯೂದ ಆಗಲಿಲ್ಲ.”

“ಅದು ತಪ್ಪಿಸ್ಕೊಂಡಿತಾ?”

“ಆ ಜರ್ಮನ್ ಹಡಗದ ಹೊಟ್ಟ್ಯಾಗ ನಮ್ಮನ್ನ ಮೂರ ತಿಂಗಳ ಇಟ್ಟಿದ್ರರಿ. ಆ ಭಾಗದಾಗ ಮತ್ತ ಯಾವ ಹಡಗನೂ ಸಿಗಲಿಲ್ಲ ಅವರಿಗೆ. ಎಲ್ಲಾರೂ ದಾರಿ ಬದಲ ಮಾಡಿದ್ರು ಅಂತ ಅವರ ಬೈಕೋತಿದ್ರು.”

ಸಂಜೆ ಸ್ಟೇಷನ್ನಿಗೆ ಗಂಡ ಹೆಂಡತಿ ಇಬ್ಬರೂ ಬಂದರು. ನೀಲಮ್ಮ ಒಂದು ಗಂಟು ಖಡಕ್ ರೊಟ್ಟಿ ಕಟ್ಟಿಕೊಟ್ಟರು. ಗಾಡಿ ಹೊರಟಾಗ ಬಸವಣ್ಣೆಪ್ಪ ಕೇಳಿಸುವ ಕಿವಿಯನ್ನು ನಮ್ಮ ಕಡೆ ತಿರುಗಿಸಿ ನಿಂತಿದ್ದರು. ಚಿಕ್ಕಿ ಕಿಟಕಿಯಿಂದ ಕೂಗಿದಳು: “ಬೇಸಿಗೆಯಲ್ಲಿ ಅಂಕೋಲೆಗೆ ಬನ್ನಿ. ಉಪ್ಪಿದ್ದ ಸಾಗರ ತೋರಿಸ್ತೆ.”

ಊರು ಹಿಂದೆ ಬಿದ್ದ ಮೇಲೆ ನನ್ನನ್ನು ಕೇಳಿದಳು: “ಆ ಇನ್ನೊಂದು ಹಡಗಲ್ಲಿ ಎಷ್ಟು ಜನ ಇದ್ದಿರಬಹುದು?”

“ಸರಕು ಹಡಗಾದರೆ ಐವತ್ತು, ಅರುವತ್ತು.”

“ಅದರ ಹೆಸರು?”

ನನಗೆ ಗೊತ್ತಿರಲಿಲ್ಲ. ಮುಳುಗಿಸಿದ ಹಡಗುಗಳ ಹೆಸರು, ಕಪ್ತಾನರ ಹೆಸರು ಬಾಯಿಪಾಠ ಮಾಡಿದ್ದ ನನಗೆ ಓಡಿ ಉಳಿದ ಒಂದು ಹಡಗಿನ ಹೆಸರೂ ಬರುತ್ತಿರಲಿಲ್ಲ. ನಾಚಿಕೆಯಾಯಿತು, ಇಲ್ಲವೆಂದು ತಲೆಯಾಡಿಸಿದೆ.

ಚಿಕ್ಕಿ ರೊಟ್ಟಿಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಹೊರಗೆ ನೋಡುತ್ತ ಕೂತಳು. ತುಸು ಹೊತ್ತಾದ ಮೇಲೆ, ನನಗೋ ತನಗೋ ಹೇಳಿಕೊಳ್ಳುವಂತೆ ಮೆಲ್ಲಗೆ ಹೇಳಿದಳು:

“ಚುಕ್ಕಾಣಿ ಹಿಡಿದು ಗಟ್ಟಿಯಾದ ಕೈ ಇವ್ರದ್ದು. ಆ ಮನುಷ್ಯನ ಕೈ ಹಿಡಿದು ಎಳೆದಿದ್ರೆ ಆಗ್ತಿತ್ತು, ತಾರು ಅಲ್ಲಿಗೇ ನಿಲ್ತಿತ್ತು. ಇವ್ರು ಎಳೀಲಿಲ್ಲ. ಮುಗೀಲಿ ಅಂತ ನಿಂತ್ರು.”