ನಾಲ್ಕು ತಲೆಗಳ ಪ್ರವಾಸ

ಮಕ್ಕಳೊಂದಿಗೆ ಊರು ಸುತ್ತಲು ಬಂದ ಅಪ್ಪನನ್ನು ಗುರುತಿಸುವುದು ಬಹಳ ಸುಲಭ, ಓದುಗರೇ: ಎದುರಿಗೆ ಜಲಪಾತವೇ ಧುಮುಕುತ್ತಿದ್ದರೂ ಅವನ ದೃಷ್ಟಿ ಅತ್ತ ಹೊರಳುವುದಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿರುತ್ತದೆ. ಅದು ಮಂತ್ರಜಪವಲ್ಲ, ಒಂದು, ಎರಡು, ಮೂರು, ನಾಲ್ಕು.

ನೇಯುವವರಾದ ನಮಗೆ ಅಮಾವಾಸ್ಯೆಯೇ ರಜೆ, ಅಂದು ಮಗ್ಗ ಮುಟ್ಟುವಂತಿಲ್ಲ. ಅಂಥ ಒಂದು ಅಮಾವಾಸ್ಯೆಗೆ ಅಪ್ಪ, ಬಾಣಂತಿ ಅಮ್ಮನನ್ನು ನಮ್ಮೂರು ಮಡತ್ತುಕುಳದಲ್ಲೇ ಬಿಟ್ಟು, ಹದಿನಾಲ್ಕರ ಮಹಾಪ್ರಾಜ್ಞೆಯಾದ ನನ್ನನ್ನೂ, ಇಬ್ಬರು ತಂಗಿಯರನ್ನೂ, ಮೂರು ವರ್ಷದ ಸೀನುವನ್ನೂ ತಿರುಮೂರ್ತಿ ಮಲೆಯ ಗುಡಿಗೂ ಜಲಪಾತಕ್ಕೂ ಕರೆದೊಯ್ದರು. ಸೀನುವಿಗೆ ಮುಡಿ ಕೊಡಿಸಿ, ಬೋಳುತಲೆಗೆ ಗಂಧ ಮೆತ್ತಿಸಿ, ಕಳೆದುಹೋಗದಿರಲೆಂದು ಸೊಂಟಕ್ಕೆ ಕೆಂಪು ನೂಲು ಬಿಗಿದು, "ಇನ್ನು ಲೋಕದಲ್ಲಿ ಯಾವನೂ ಇವನ್ನ ಬದಲಾಯಿಸೋಕಾಗಲ್ಲ, ಪಾಪಾ!" ಎಂದು, ‘ಪಾಪಾ’ ಎಂದೇ ಅವರು ಕರೆಯುವ ನನ್ನೆದುರು ಮೀಸೆ ತಿರುವಿದರು.

ಊಟದ ಹೊತ್ತಿಗೆ ಎಣಿಕೆ ಸರಿಯಾಗಿಯೇ ಇತ್ತು. ಆದರೆ ನಾಲ್ಕನೆಯ ತಲೆ ಇಡ್ಲಿಯನ್ನು ತಕರಾರಿಲ್ಲದೆ ತಿಂದು, ತೊಳೆಸಿಕೊಳ್ಳಲು ತಾನಾಗಿಯೇ ಕೈ ಚಾಚಿತು. ಹುಟ್ಟಿದಂದಿನಿಂದ ಉಗುಳುವುದನ್ನೇ ಊಟವೆಂದು ತಿಳಿದ ನಮ್ಮ ಸೀನುವಿಗೆ ಇಷ್ಟು ಸಂಸ್ಕಾರ ಎಲ್ಲಿಂದ ಬಂತು? ನನಗೆ ತಕ್ಷಣ ಗೊತ್ತಾಯಿತು. ಇಷ್ಟು ಲಾಭದ ವಿನಿಮಯವನ್ನು ಕೆಡಿಸಲು ಮನಸ್ಸಾಗದೆ ನನ್ನ ಪಾಲಿನ ಎರಡು ಇಡ್ಲಿ ಮುಗಿಯುವವರೆಗೆ ಸುಮ್ಮನಿದ್ದೆ.

ಕಿರಿಯ ತಂಗಿ ಮಾತ್ರ ಸುಮ್ಮನಿರಲಿಲ್ಲ. "ಅಪ್ಪಾ, ಇದು ಸೀನು ಅಲ್ಲ."

ಅಪ್ಪ ಹುಡುಗನ ನೂಲು ನೋಡಿದರು, ಗಂಧ ನೋಡಿದರು, ಕೊನೆಗೆ ಮುಖ ನೋಡಿದರು. ಆಮೇಲೆ ನೋಡಿದ್ದು ನೀರನ್ನು. ಅವರ ಕೈಯಲ್ಲಿದ್ದ ಇಡ್ಲಿಯ ತೂಕುಪಾತ್ರೆ ಬಂಡೆಯ ಮೇಲೆ ಉರುಳಿತು. "ಸೀನೂ!" ಎಂದು ಕೂಗುತ್ತ, ಆ ಪರಕೀಯ ಮಗುವನ್ನೆತ್ತಿಕೊಂಡು ಅಪ್ಪ ಓಡಿದ ಓಟಕ್ಕೆ ನನ್ನ ಹಾಸ್ಯಪ್ರಜ್ಞೆಯೂ ಅಲ್ಲೇ ಒಣಗಿತು. ನಾನೂ ಓಡಿದೆ.

ಅಮಾವಾಸ್ಯೆ ನಮ್ಮೊಬ್ಬರದೇ ಅಲ್ಲವಲ್ಲ! ಸುತ್ತಲಿನ ನೇಕಾರರೆಲ್ಲ ಅಲ್ಲೇ ಇದ್ದರು, ಬೋಳಿಸಿ, ಗಂಧ ಮೆತ್ತಿ, ನೂಲು ಕಟ್ಟಿದ ಮಕ್ಕಳೊಂದಿಗೆ. ಮರವೊಂದರ ಬುಡದಲ್ಲಿ ಪಲ್ಲಡ ಊರಿನ ನೇಕಾರರೊಬ್ಬರು ಮುಂಗೈ ಉಜ್ಜಿಕೊಳ್ಳುತ್ತ ಕೂತಿದ್ದರು, ಮಡಿಲಲ್ಲಿ ಮೈತುಂಬ ಮೊಸರನ್ನದ ನಮ್ಮ ಸೀನು.

"ನಿಮ್ದಾ ಅಣ್ಣಾ ಈ ಪುಲಿಕುಟ್ಟಿ, ಈ ಹುಲಿಮರಿ?" ಎಂದರು ಅವರು. "ಮೂರು ಕಡೆ ಕಚ್ಚವ್ನೆ! ನಮ್ಮವ್ನಿಗೆ ಪೇಯಿ-ಪಿಶಾಚಿ ಹಿಡೀತು ಅಂದ್ಕೊಂಡು ಈಗಷ್ಟೇ ವಿಭೂತಿ ಹಚ್ಚಿದೆ."

"ನೀವೂ ಕೆಂಪು ನೂಲೇ ಕಟ್ಟಿದ್ರಾ, ಸಾಮಿ?"

"ಬೇರೆ ಯಾವುದಣ್ಣಾ? ಸೀರೆ ಅಂಚಿಗೆ ತಂದು ಮಿಕ್ಕಿದ್ದು!"

ಅಪ್ಪ ನಗಲು ಹೋದರು, ಆಗಲಿಲ್ಲ. ಎತ್ತಿ ತಂದಿದ್ದ ಮಗುವನ್ನು ಅವರ ಮಡಿಲಿಗಿಳಿಸಿ ಸೀನುವನ್ನು ಅಪ್ಪಿಕೊಂಡರು. ಅವನು ಅಭ್ಯಾಸದಂತೆ ಅವರ ಹೆಗಲಿಗೂ ಹಲ್ಲು ಹಾಕಿದ. "ಇವ್ನೇ, ಇವ್ನೇ!" ಎಂದು ಅಪ್ಪ ಕಣ್ಣೊರೆಸಿಕೊಂಡರು.

ಗಾಡಿ ಹತ್ತಿದ ಮೇಲೆ ಅವರ ತುಟಿ ಅಲ್ಲಾಡಲಿಲ್ಲ. ಒಬ್ಬೊಬ್ಬರ ಗಲ್ಲ ಹಿಡಿದೆತ್ತಿ, ಹೊಸದಾಗಿ ನೇಯ್ದ ಸೀರೆಯಲ್ಲಿ ತಪ್ಪಿದ ಎಳೆ ಹುಡುಕುವವರಂತೆ ಮುಖ ನೋಡಿದರು. ನನ್ನ ಮುಖವನ್ನು ತುಸು ಹೆಚ್ಚೇ ಹೊತ್ತು ನೋಡಿದರು.

"ಪಾಪಾ, ನಿನಗೆ ಯಾವಾಗ ಗೊತ್ತಾಯ್ತು?"

ಅಂದು ಮೊದಲ ಬಾರಿಗೆ ನಾನು ದೂರದ ಜಲಪಾತವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದೆ.