ತಾಡಪತ್ರಿಯ ಇನ್ನೊಂದು ತುದಿ

ಮೊನ್ನೆ ಬಳ್ಳಾರಿಯ ಅಂಗಡಿಯೊಂದರ ಮುಂದೆ ರಾಶಿ ಮುಚ್ಚುವ ಹೊಸ ತಾಡಪತ್ರಿಗಳನ್ನು ಇಳಿಸುತ್ತಿದ್ದರು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಳ್ಳಬೇಕಿದ್ದ ತೊಗರಿಬೇಳೆ ಮರೆತು ನಿಂತುಬಿಟ್ಟೆ. ಒಂಟಿಯಾಗಿರುವವರಿಗೆ ಇದೊಂದು ಸೌಕರ್ಯ ನೋಡಿ, ಬೇಳೆ ಮರೆತು ಬಂದರೆ ಯಾಕೆಂದು ಕೇಳುವವರಿಲ್ಲ.

ನನ್ನ ಸಣ್ಣವ್ವ, ಅಂದರೆ ತಾಯಿಯ ತಂಗಿ, ಸಿರುಗುಪ್ಪದಲ್ಲಿ ಒಬ್ಬಳೇ ಇದ್ದಳು. ಅಂಗಳದಲ್ಲಿ ಭತ್ತ ಹರವಿದಾಗ ಮೋಡ ಕವಿದರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಪಕ್ಕದ ಮನೆಯ ಮಾಬುಬೀ ಊರಲ್ಲಿಲ್ಲದ ಒಂದು ದಿನ ಮಳೆ ಬಂತು. ಸಣ್ಣವ್ವ ತಾಡಪತ್ರಿಯ ಒಂದು ತುದಿ ಎಳೆದರೆ ಇನ್ನೊಂದು ಗಾಳಿಗೆ ಹಾರಿತು. ಅರ್ಧ ರಾಶಿ ನೆನೆದು ಮೊಳಕೆಯೊಡೆಯಿತು.

ನಾನಾಗ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಜೊತೆಗೆ ಅಲ್ಲೇ ಕಲಿಸುತ್ತಿದ್ದ ಕುರುಗೋಡಿನ ಗಿರಿಜಾ ಇದ್ದಳು. ತರಬೇತಿಗೆಂದು ಜಪಾನಿಗೆ ಹೋಗಿ ಬಂದವಳು. ಸಣ್ಣವ್ವನ ಕಷ್ಟ ಕೇಳಿ ಒಂದು ಹಾಳೆಯನ್ನು ಓರೆಯೋರೆಯಾಗಿ ಮಡಚಿ ನನ್ನ ಕೈಗಿಟ್ಟಳು. ಎದುರುಬದುರಿನ ಮೂಲೆ ಹಿಡಿದು ಎಳೆದರೆ ಪೂರಾ ಬಿಚ್ಚಿಕೊಂಡಿತು, ದೂಡಿದರೆ ಅಂಗೈಯಷ್ಟಾಯಿತು.

"ಅಲ್ಲಿ ಹುಡುಗ್ರು ಕಾಗದ ಮಡಚಿ ಕೊಕ್ಕರೆ ಮಾಡ್ತಾವ. ಅದ ವಿದ್ಯಾದಿಂದ ಈಗ ಆಕಾಶಕ್ಕ ಕಳಸೋ ಸೋಲಾರ್ ಹಲಗಿನೂ ಮಡಚ್ತಾರ" ಎಂದಳು.

ರಜೆಯೆಲ್ಲ ಕೂತು, ಅದೇ ಮಡಿಕೆ ಬರುವಂತೆ ತಾಡಪತ್ರಿಗೆ ತೆಳು ಪಟ್ಟಿಗಳನ್ನು ಹೊಲಿದೆವು. ಒಂದು ಮೂಲೆಯನ್ನು ಗೂಟಕ್ಕೆ ಕಟ್ಟಿ ಎದುರು ಮೂಲೆ ಎಳೆದರಾಯಿತು. ಮೊದಲ ಸಲ ಅದು ಅರ್ಧಕ್ಕೇ ಸಿಕ್ಕಿಕೊಂಡು ನನ್ನನ್ನೇ ಒಳಗೆ ಮಡಚಿಹಾಕಿತು. ಆಮೇಲೆ ಸರಿಹೋಯಿತು. ಸಣ್ಣವ್ವ ಒಬ್ಬಳೇ ಎಳೆದಳು, ಭತ್ತ ಮುಚ್ಚಿತು. ನಾವಿಬ್ಬರೂ ಬೀಗಿದ್ದೇ ಬೀಗಿದ್ದು.

ಮುಂದಿನ ಸುಗ್ಗಿಗೆ ಇಬ್ಬರೂ ಹೋದರೆ ಅದು ಮೂಲೆ ಸೇರಿತ್ತು. ಹಳೆಯ ತಾಡಪತ್ರಿ ಹೊರಗೆ ಬಂದಿತ್ತು.

"ಯಾಕ ಸಣ್ಣವ್ವ, ಕೆಟ್ಟೈತೇನು?"

"ಚಲೋ ಐತವ್ವ. ಮೊದ್ಲು ಮೋಡ ಆದ್ರ ಮಾಬುಬೀ ಓಡಿ ಬಂದು ಆ ತುದಿ ಹಿಡೀತಿದ್ಲು. ಮಳಿ ನಿಲ್ಲೂತನಕ ಕುಂತು ಚಾ ಕುಡದು ಹೋಗ್ತಿದ್ಲು. ಇದು ಬಂದ ಮ್ಯಾಗ ಆಕಿಗೆ ಇಲ್ಲಿ ಕೆಲಸನ ಇಲ್ಲದಂಗಾತು."

ವಾಪಸು ಬರುವ ಬಸ್ಸಿನಲ್ಲಿ ಗಿರಿಜಾ ಟಿಕೀಟನ್ನು ಮಡಚುತ್ತ, ಬಿಚ್ಚುತ್ತ ಕೂತಿದ್ದಳು. ಆಮೇಲೆ ಹೇಳಿದಳು: "ನಾ ನೋಡಿದ ಜಪಾನಿನ ಹಳ್ಳ್ಯಾಗ ಒಂದು ಮನಿಗೆ ಹುಲ್ಲು ಹೊಚ್ಚಾಕ ಊರಿಗೆ ಊರ ಬರ್ತಿತ್ತು. ಈ ಸಲ ನಿನ್ನ ಮನಿ, ಮುಂದಿನ ಸಲ ನನ್ನ ಮನಿ. ನಾ ಮಡಚೂದಷ್ಟ ಕಲ್ತು ಬಂದ್ನಿ, ಈ ಕೂಡಿ ಮಾಡೂದನ್ನ ಅಲ್ಲೇ ಬಿಟ್ಟೆ ನೋಡು."

ಮತ್ತೆ ಹೊಲಿದ ಹೊಸ ತಾಡಪತ್ರಿಯನ್ನು ಎರಡೂ ಮನೆಯ ಭತ್ತಕ್ಕಾಗುವಷ್ಟು ದೊಡ್ಡದು ಮಾಡಿದೆವು. ಗೂಟ ಕೈಬಿಟ್ಟೆವು. ಆ ಮೂಲೆ ಮಾಬುಬೀ, ಈ ಮೂಲೆ ಸಣ್ಣವ್ವ. ಇಬ್ಬರೂ ಒಮ್ಮೆಲೇ ಎಳೆದರಷ್ಟೇ ಬಿಚ್ಚುತ್ತಿತ್ತು. ಯಂತ್ರವೆಂದು ನೋಡಿದರೆ ಮೊದಲಿನದೇ ಜಾಣತನದ್ದು. ಆದರೆ ಸಣ್ಣವ್ವನ ಕೊನೆಯ ದಿನಗಳಲ್ಲಿ ಗಂಜಿ ಕುಡಿಸಿದವಳು ಮಾಬುಬೀ.

ಗಿರಿಜಾ ಈಗ ದೂರದ ಊರಿನಲ್ಲಿದ್ದಾಳೆ. ನಾನು ಬಳ್ಳಾರಿಯ ಕಂಟೋನ್ಮೆಂಟಿನ ಬಾಡಿಗೆ ಮನೆಯಲ್ಲಿ ಎಲ್ಲವನ್ನೂ ಒಬ್ಬಳೇ ಮಾಡಿಕೊಳ್ಳುವುದರಲ್ಲಿ ಪಳಗಿದ್ದೇನೆ.

ಇಂದು ಬೆಳಿಗ್ಗೆ ಮಾಳಿಗೆಯ ಮೇಲೆ ಹೊದೆಯುವ ದುಪ್ಪಟಿ ಒಣಗಿತ್ತು. ಗದ್ದದಡಿ ಸಿಕ್ಕಿಸಿಕೊಂಡು ಮಡಚುವುದು ನನ್ನ ರೂಢಿ. ಕೆಳಗಿನ ಮನೆಗೆ ಹೊಸದಾಗಿ ಬಂದಾಕೆ ಅಲ್ಲೇ ಮೆಣಸಿನಕಾಯಿ ಹರವುತ್ತಿದ್ದಳು. ಹೆಸರೂ ಗೊತ್ತಿಲ್ಲ.

"ಒಂದೀಟು ಇದನ್ನ ಹಿಡೀತೀರೇನ್ರಿ?" ಎಂದೆ.

"ಕೈಗೆಲ್ಲ ಖಾರ ಆಗೇತ್ರಿ. ತೊಳಕೊಂಡು ಬರ್ತೀನಿ, ನಿಲ್ರಿ."

ಬಿಸಿಲೇರುತ್ತಿತ್ತು. ನಿಂತೆ.